ವೈದ್ಯಕೀಯ ವರದಿಯಲ್ಲಿ ‘ಸ್ಟೇನ್’ ಎಂದಿದ್ದರೆ ಅರ್ಥವೇನು? ಹಲ್ಲಿನ ಕಲೆಯಿಂದ ಕಫದ ಪರೀಕ್ಷೆಯವರೆಗೆ

ಹಲ್ಲಿನ ಡಾಕ್ಟರ್ ಬಾಯಿ ನೋಡಿ ‘ಸ್ಟೇನ್ ಇದೆ’ ಎನ್ನುತ್ತಾರೆ. ಲ್ಯಾಬ್ ವರದಿಯಲ್ಲಿ ‘ಗ್ರಾಂ ಸ್ಟೇನ್’ ಎಂಬ ಸಾಲು ಇರುತ್ತದೆ. ಹೆರಿಗೆಯಾದ ಮೇಲೆ ಕೊಡುವ ಡಿಸ್ಚಾರ್ಜ್ ಕಾಗದದಲ್ಲಿ ‘ಮೆಕೋನಿಯಂ ಸ್ಟೇನ್ಡ್ ಲಿಕರ್’ ಎಂದು ಬರೆದಿರಬಹುದು. ಹಸುಗೂಸಿನ ಕೆನ್ನೆಯ ಮೇಲಿನ ಕೆಂಪು ಗುರುತಿಗೆ ‘ಪೋರ್ಟ್ ವೈನ್ ಸ್ಟೇನ್’ ಎಂಬ ಹೆಸರಿದೆ. ಪದ ಒಂದೇ ಆದರೂ ನಾಲ್ಕು ಕಡೆಯೂ ಅರ್ಥ ಬೇರೆ ಬೇರೆ. ಮೊದಲನೆಯದು ನಿಜವಾದ ಕಲೆ. ಎರಡನೆಯದು ಕಲೆಯೇ ಅಲ್ಲ, ಪರೀಕ್ಷೆಯ ಒಂದು ವಿಧಾನ. ಮೂರನೆಯದು ಹೆರಿಗೆ ಕೋಣೆಯಲ್ಲಿ ಎಲ್ಲರನ್ನೂ ಎಚ್ಚರಿಸುವ ಸೂಚನೆ. ನಾಲ್ಕನೆಯದು ಹುಟ್ಟಿನಿಂದಲೇ ಇರುವ ರಕ್ತನಾಳಗಳ ಗುರುತು.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಎರಡು ಬಗೆಯ ತೊಂದರೆಯಾಗುತ್ತದೆ. ಹೆದರಬೇಕಿಲ್ಲದ ಪದವನ್ನು ನೋಡಿ ಮನೆಯವರೆಲ್ಲ ಹೆದರುತ್ತಾರೆ. ಹೆದರಲೇಬೇಕಾದ ಕಲೆಯನ್ನು ‘ತೊಳೆದರೆ ಹೋಗುತ್ತದೆ’ ಎಂದು ಬಿಟ್ಟುಬಿಡುತ್ತಾರೆ. ಹಾಗಾಗಿ ಈ ಬಾರಿ ‘ಸ್ಟೇನ್’ ಪದವನ್ನು ಬಿಡಿಸಿ ನೋಡೋಣ.

ಕನ್ನಡದಲ್ಲಿ ಏನೆನ್ನಬಹುದು?

ಇಂಗ್ಲಿಷಿನಲ್ಲಿ ‘ಸ್ಟೇನ್’ ಎಂಬುದಕ್ಕೆ ಎರಡು ಮುಖಗಳಿವೆ. ಒಂದು, ತಾನಾಗಿ ಅಂಟಿಕೊಂಡು ಸುಲಭಕ್ಕೆ ಹೋಗದ ಬಣ್ಣ. ಇನ್ನೊಂದು, ಬೇಕೆಂದೇ ಹಚ್ಚಿದ ಬಣ್ಣ. ಮರದ ಮೇಜಿಗೆ ಬಡಗಿ ಹಚ್ಚುವ ಬಣ್ಣವೂ ಸ್ಟೇನ್, ಚರ್ಚಿನ ಕಿಟಕಿಯ ಬಣ್ಣದ ಗಾಜೂ ‘ಸ್ಟೇನ್ಡ್ ಗ್ಲಾಸ್’. ವೈದ್ಯಕೀಯದಲ್ಲಿ ಈ ಎರಡೂ ಅರ್ಥಗಳು ಬಳಕೆಯಲ್ಲಿವೆ. ಗೊಂದಲ ಶುರುವಾಗುವುದೇ ಇಲ್ಲಿ.

ಕನ್ನಡದ ‘ಕಲೆ’ ಮೊದಲ ಅರ್ಥಕ್ಕೆ ಸರಿಹೊಂದುತ್ತದೆ. ಎರಡನೆಯ ಅರ್ಥಕ್ಕೆ ‘ಬಣ್ಣ ಹಚ್ಚಿ ನೋಡುವ ಪರೀಕ್ಷೆ’ ಎಂದರೆ ಸಾಕು. ಆದರೆ ಚರ್ಮದ ವಿಷಯಕ್ಕೆ ಬಂದರೆ ಕನ್ನಡ ಇಂಗ್ಲಿಷಿಗಿಂತ ಬಡವಾಗಿಲ್ಲ. ಗಾಯ ಮಾಗಿದ ಮೇಲೆ ಉಳಿಯುವುದು ಕಲೆ, ಹುಟ್ಟಿನಿಂದ ಬಂದದ್ದು ಮಚ್ಚೆ, ಕೆನ್ನೆಯ ಮೇಲೆ ಕಂದಾಗಿ ಹರಡುವುದು ಬಂಗು, ಬೆವರುವ ಜಾಗದಲ್ಲಿ ಬಿಳಿಚಾಗಿ ಪುಡಿಪುಡಿ ಏಳುವುದು ಚಿಬ್ಬು, ಬಣ್ಣವೇ ಹೋಗಿ ಹಾಲುಬಿಳಿಯಾಗುವುದು ತೊನ್ನು. ಈ ಹೆಸರುಗಳು ನೆನಪಿದ್ದರೆ ಡಾಕ್ಟರಿಗೆ ವಿವರಿಸುವುದು ಅರ್ಧ ಸುಲಭವಾದಂತೆ.

ಲ್ಯಾಬ್ ವರದಿಯ ಸ್ಟೇನ್: ಇದು ಕಲೆಯಲ್ಲ, ಬಣ್ಣ

ಬ್ಯಾಕ್ಟೀರಿಯಾಗಳಿಗೆ ತಮ್ಮದೇ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಗಾಜಿನ ಸ್ಲೈಡಿನ ಮೇಲೆ ಕಫ, ಕೀವು ಅಥವಾ ಮೂತ್ರವನ್ನು ಹಾಗೆಯೇ ಸವರಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಅವು ಸರಿಯಾಗಿ ಕಾಣುವುದಿಲ್ಲ. ಬಣ್ಣ ಹಾಕಿದಾಗ ಎದ್ದು ಕಾಣುತ್ತವೆ. ಸ್ಲೈಡಿನ ಮೇಲೆ ತೆಳುವಾಗಿ ಸವರಿದ್ದಕ್ಕೆ ‘ಸ್ಮಿಯರ್’ ಎಂದೂ, ಅದಕ್ಕೆ ಬಣ್ಣ ಹಾಕುವುದಕ್ಕೆ ‘ಸ್ಟೇನ್’ ಎಂದೂ ಹೆಸರು. ವರದಿಯಲ್ಲಿ ಹೆಚ್ಚಾಗಿ ಕಾಣುವ ನಾಲ್ಕು ಸ್ಟೇನ್‌ಗಳು ಇವು.

*ಗ್ರಾಂ ಸ್ಟೇನ್.* ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ 1884ರಲ್ಲಿ ಇದನ್ನು ಪ್ರಕಟಿಸಿದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾವನ್ನು ಬೇರೆಯಾಗಿ ಗುರುತಿಸುವುದು ಅವರ ಉದ್ದೇಶವಾಗಿತ್ತು. ಮೊದಲು ನೇರಳೆ ಬಣ್ಣ, ನಂತರ ಅಯೋಡಿನ್, ಆಮೇಲೆ ಆಲ್ಕೋಹಾಲಿನಿಂದ ತೊಳೆಯುವುದು, ಕೊನೆಗೆ ಕೆಂಪು ಬಣ್ಣ. ದಪ್ಪ ಗೋಡೆಯ ಬ್ಯಾಕ್ಟೀರಿಯಾಗಳು ನೇರಳೆಯನ್ನು ಬಿಡುವುದಿಲ್ಲ. ಅವು ‘ಗ್ರಾಂ ಪಾಸಿಟಿವ್’. ತೆಳು ಗೋಡೆಯವು ನೇರಳೆ ಕಳೆದುಕೊಂಡು ನಸುಗೆಂಪಾಗುತ್ತವೆ. ಅವು ‘ಗ್ರಾಂ ನೆಗೆಟಿವ್’.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಗ್ರಾಂ ನೆಗೆಟಿವ್’ ಎಂದರೆ ಸೋಂಕು ಇಲ್ಲ ಎಂದಲ್ಲ. ಕೋವಿಡ್ ಕಾಲದಿಂದ ನಮಗೆ ನೆಗೆಟಿವ್ ಎಂದರೆ ನಿರಾಳ ಎಂಬ ಅಭ್ಯಾಸವಾಗಿದೆ. ಗ್ರಾಂ ಸ್ಟೇನ್‌ನಲ್ಲಿ ಪಾಸಿಟಿವ್, ನೆಗೆಟಿವ್ ಎರಡೂ ಬ್ಯಾಕ್ಟೀರಿಯಾದ ಗುಂಪಿನ ಹೆಸರುಗಳಷ್ಟೆ. ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ-ಕೋಲೈ ಗ್ರಾಂ ನೆಗೆಟಿವ್ ಗುಂಪಿನದು. ವರದಿಯಲ್ಲಿ ‘ಕಾಕೈ’ ಎಂದಿದ್ದರೆ ಗುಂಡಗಿನವು, ‘ಬ್ಯಾಸಿಲೈ’ ಎಂದಿದ್ದರೆ ಕಡ್ಡಿಯಂಥವು ಎಂದು ಅರ್ಥ. ಯಾವ ಆ್ಯಂಟಿಬಯಾಟಿಕ್ ಶುರು ಮಾಡಬೇಕು ಎಂಬುದಕ್ಕೆ ಇದು ಡಾಕ್ಟರಿಗೆ ಮೊದಲ ಸುಳಿವು. ಖಚಿತ ಉತ್ತರ ಬರುವುದು ಎರಡು ಮೂರು ದಿನ ಹಿಡಿಯುವ ಕಲ್ಚರ್ ವರದಿಯಲ್ಲಿ.

*ಎಎಫ್‌ಬಿ ಸ್ಟೇನ್.* ಕ್ಷಯದ ಪರೀಕ್ಷೆ ಇದು. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಕ್ಷಯದ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ್ದಾಗಿ ಘೋಷಿಸಿದರು. ಆ ರೋಗಾಣುವಿನ ಗೋಡೆ ಮೇಣದಂತಿರುವುದರಿಂದ ಸಾಮಾನ್ಯ ಬಣ್ಣ ಒಳಗೆ ಇಳಿಯುವುದಿಲ್ಲ. ಬಿಸಿ ಮಾಡಿ ಕೆಂಪು ಬಣ್ಣವನ್ನು ಇಳಿಸಬೇಕು. ಒಮ್ಮೆ ಇಳಿದರೆ ಆಸಿಡ್ ಹಾಕಿ ತೊಳೆದರೂ ಹೋಗುವುದಿಲ್ಲ. ಈ ವಿಧಾನವನ್ನು ಬೆಳೆಸಿದ ಝೀಲ್ ಮತ್ತು ನೀಲ್ಸನ್ ಎಂಬ ಇಬ್ಬರ ಹೆಸರಿನಿಂದ ಇದಕ್ಕೆ ‘ಝಡ್‌ಎನ್ ಸ್ಟೇನ್’ ಎಂದೂ ಕರೆಯುತ್ತಾರೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಂಡರೆ ಪಾಸಿಟಿವ್.

ಇಲ್ಲಿ ಪಾಸಿಟಿವ್ ಎಂದರೆ ನಿಜವಾಗಿಯೂ ಪಾಸಿಟಿವ್. ‘ಸ್ಕ್ಯಾಂಟಿ’, 1+, 2+, 3+ ಎಂಬ ಗುರುತುಗಳು ಎಷ್ಟು ರೋಗಾಣು ಕಂಡವು ಎಂಬುದನ್ನು ಹೇಳುತ್ತವೆ. ಸಂಖ್ಯೆ ಹೆಚ್ಚಿದ್ದಷ್ಟೂ ಕೆಮ್ಮಿನಿಂದ ಮನೆಯವರಿಗೆ ಹರಡುವ ಸಾಧ್ಯತೆ ಹೆಚ್ಚು. ಆದರೆ ‘ನೋ ಎಎಫ್‌ಬಿ ಸೀನ್’ ಎಂದು ಬಂದರೆ ಕ್ಷಯ ಇಲ್ಲವೇ ಇಲ್ಲ ಎನ್ನಲಾಗದು. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳು ಇದ್ದರಷ್ಟೇ ಈ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುತ್ತವೆ. ಅದಕ್ಕಿಂತ ಕಡಿಮೆ ಇದ್ದಾಗ ಹಿಡಿಯಲು ಸಿಬಿನಾಟ್, ಟ್ರೂನಾಟ್‌ನಂಥ ಪರೀಕ್ಷೆಗಳಿವೆ. ಕಫ ಕೊಡುವಾಗಲೂ ಎಚ್ಚರ ಬೇಕು: ಉಗುಳು ಬೇಡ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಬೆಳಗ್ಗೆ ಎದ್ದಾಗಿನದು ಉತ್ತಮ.

ಕ್ಷಯದ ಪರೀಕ್ಷೆ ಮತ್ತು ಔಷಧ ಸರ್ಕಾರಿ ಕೇಂದ್ರಗಳಲ್ಲಿ ದೇಶದ ಯಾವ ಊರಿನಲ್ಲಿದ್ದರೂ ಉಚಿತ. ಕೆಲಸಕ್ಕಾಗಿ ಊರು ಬಿಟ್ಟು ಬಂದವರು ‘ಊರಿಗೆ ಹೋದಾಗ ತೋರಿಸೋಣ’ ಎಂದು ಕಾಯಬೇಕಿಲ್ಲ. ನಿಕ್ಷಯ್ ಸಹಾಯವಾಣಿಯ ಉಚಿತ ಸಂಖ್ಯೆ 1800-11-6666.

*ಲೀಶ್ಮನ್ ಸ್ಟೇನ್ ಮತ್ತು ಜೆಎಸ್‌ಬಿ ಸ್ಟೇನ್.* ಇವು ರಕ್ತದ ಸ್ಮಿಯರ್‌ಗೆ ಹಾಕುವ ಬಣ್ಣಗಳು. ರಕ್ತಕಣಗಳ ಆಕಾರ ನೋಡಲು, ಮಲೇರಿಯಾದ ಪರಾವಲಂಬಿಯನ್ನು ಹುಡುಕಲು ಬೇಕು. ಜೆಎಸ್‌ಬಿ ಎಂಬುದು ನಮ್ಮ ದೇಶದಲ್ಲೇ ರೂಪುಗೊಂಡದ್ದು. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1944ರಲ್ಲಿ ಪ್ರಕಟಿಸಿದ ಈ ಅಗ್ಗದ, ಬೇಗ ಮುಗಿಯುವ ವಿಧಾನ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಬೆನ್ನೆಲುಬಾಯಿತು.

*ಎಚ್ ಆ್ಯಂಡ್ ಇ ಸ್ಟೇನ್.* ಬಯಾಪ್ಸಿ ವರದಿಯಲ್ಲಿ ಇರುತ್ತದೆ. ಹೆಮಟಾಕ್ಸಿಲಿನ್ ಎಂಬುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದ ಬಣ್ಣ. ಜೀವಕೋಶದ ಕೇಂದ್ರವನ್ನು ನೀಲಿ-ನೇರಳೆ ಮಾಡುತ್ತದೆ. ಇಯೋಸಿನ್ ಉಳಿದ ಭಾಗವನ್ನು ಗುಲಾಬಿ ಮಾಡುತ್ತದೆ. ಎಲ್ಲ ಬಯಾಪ್ಸಿಗೂ ಇದು ಮೊದಲ ಹೆಜ್ಜೆ. ವರದಿಯಲ್ಲಿ ‘ಸ್ಪೆಷಲ್ ಸ್ಟೇನ್ ಅಡ್ವೈಸ್ಡ್’ ಎಂದಿದ್ದರೆ ಕ್ಯಾನ್ಸರ್ ಎಂದು ತೀರ್ಮಾನಿಸಬೇಡಿ. ಮೊದಲ ಬಣ್ಣದಲ್ಲಿ ಸ್ಪಷ್ಟವಾಗದ ಒಂದು ಅಂಶವನ್ನು ಇನ್ನೊಂದು ಬಣ್ಣದಲ್ಲಿ ನೋಡಬೇಕಾಗಿದೆ ಎಂದಷ್ಟೇ ಅದರ ಅರ್ಥ. ವರದಿ ತಡವಾಗುವುದಕ್ಕೂ ಹಲವು ಬಾರಿ ಇದೇ ಕಾರಣ.

ಹಲ್ಲಿನ ಸ್ಟೇನ್: ಹೊರಗಿನದೋ, ಒಳಗಿನದೋ?

ಹಲ್ಲಿನ ಕಲೆಯಲ್ಲಿ ಎರಡು ಜಾತಿ. ಹೊರಮೈಗೆ ಅಂಟಿದ್ದು ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ. ಹಲ್ಲಿನ ಒಳಗೇ ಸೇರಿದ್ದು ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಕಾಫಿ, ಟೀ, ಬೀಡಿ-ಸಿಗರೇಟು, ಎಲೆ-ಅಡಿಕೆ, ಗುಟ್ಕಾ ಹೊರಗಿನ ಕಲೆಗೆ ಕಾರಣ. ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ಸಿರಪ್ ಹಲ್ಲನ್ನು ಕಪ್ಪಾಗಿಸಬಹುದು. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಅನ್ನು ವಾರಗಟ್ಟಲೆ ಬಳಸಿದರೆ ಕಂದು ಬಣ್ಣ ಬರುತ್ತದೆ. ಇವೆರಡರ ಕಲೆಗೂ ಹೆದರಿ ಔಷಧ ನಿಲ್ಲಿಸಬೇಕಿಲ್ಲ, ಆಮೇಲೆ ತೆಗೆಸಬಹುದು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ಎಲ್ಲ ಊರುಗಳಲ್ಲೂ ಕೇಳಿಬರುವ ತಪ್ಪು ತಿಳಿವಳಿಕೆ. ಗಟ್ಟಿಯಾದ ಪಾಚಿ ತೆಗೆದಾಗ ಮೊದಲೇ ಸವೆದ ಒಸಡು ಕಾಣಿಸುತ್ತದೆ, ಅಷ್ಟೆ. ಮನೆಯಲ್ಲಿ ನಿಂಬೆರಸ, ಇದ್ದಿಲು ಹಾಕಿ ಉಜ್ಜುವುದು ಮಾತ್ರ ಬೇಡ. ಹುಳಿ ಹಲ್ಲಿನ ಎನಾಮಲ್ ಪದರವನ್ನು ಕರಗಿಸುತ್ತದೆ, ಇದ್ದಿಲು ಅದನ್ನು ತರಿಯುತ್ತದೆ. ಆ ಪದರ ಮತ್ತೆ ಬೆಳೆಯುವುದಿಲ್ಲ.

ಅಡಿಕೆ ಮತ್ತು ಹೊಗೆಸೊಪ್ಪಿನ ಕಲೆಯ ವಿಷಯದಲ್ಲಿ ಹಲ್ಲಿಗಿಂತ ಕೆನ್ನೆಯ ಒಳಭಾಗವನ್ನು ನೋಡಿಕೊಳ್ಳುವುದು ಮುಖ್ಯ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ವಾಸಿಯಾಗದ ಹುಣ್ಣು, ಖಾರ ತಿಂದರೆ ಉರಿ, ಬಾಯಿ ಮೊದಲಿನಷ್ಟು ಅಗಲ ತೆರೆಯದಿರುವುದು: ಇವು ಬಾಯಿ ಕ್ಯಾನ್ಸರಿನ ಅಥವಾ ಅದಕ್ಕೆ ಮುನ್ನ ಬರುವ ಕಾಯಿಲೆಯ ಲಕ್ಷಣಗಳಾಗಿರಬಹುದು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಇನ್ನು ಒಳಗಿನ ಕಲೆ. ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕೊಟ್ಟರೆ ಹಲ್ಲು ಹಳದಿ-ಬೂದು ಪಟ್ಟಿಗಳೊಂದಿಗೆ ಹುಟ್ಟಬಹುದು. ಅದಕ್ಕೇ ಗರ್ಭಿಣಿಯರಿಗೆ ಮತ್ತು 8 ವರ್ಷದೊಳಗಿನ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಒಂದೇ ಹಲ್ಲು ಕಪ್ಪಾಗಿದ್ದರೆ ಹಳೆಯ ಪೆಟ್ಟಿನಿಂದ ಒಳಗಿನ ನರ ಸತ್ತಿರಬಹುದು.

ಒಳಗಿನ ಕಲೆಗಳಲ್ಲಿ ನಮ್ಮ ಜನರಿಗೆ ಹೆಚ್ಚು ಪರಿಚಿತವಾದದ್ದು ಫ್ಲೋರೈಡಿನ ಕಲೆ. ಇದರ ಕತೆ ಅಮೆರಿಕದಿಂದ ಶುರುವಾಗುತ್ತದೆ. 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯರಿಗೆ ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳೆಲ್ಲ ಕಂದಾಗಿರುವುದು ಕಂಡಿತು. ಅದಕ್ಕೆ ‘ಕೊಲೊರಾಡೊ ಬ್ರೌನ್ ಸ್ಟೇನ್’ ಎಂದೇ ಹೆಸರಾಯಿತು. ದೊಡ್ಡವರಾದ ಮೇಲೆ ಆ ಊರಿಗೆ ಬಂದವರ ಹಲ್ಲಿಗೆ ಏನೂ ಆಗುತ್ತಿರಲಿಲ್ಲ. ಕಾರಣ ನೀರಿನಲ್ಲಿದೆ ಎಂದು ಮೆಕೇ ಊಹಿಸಿದರೂ ಅದು ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು.

ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಇವತ್ತು ತೆಲಂಗಾಣದ ನಲ್ಗೊಂಡ, ಕರ್ನಾಟಕದ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಕೊಪ್ಪಳ, ರಾಯಚೂರು ಕಡೆಯ ಕೊಳವೆಬಾವಿ ನೀರು ಕುಡಿದು ಬೆಳೆದ ಎಷ್ಟೋ ಮಂದಿಯ ಹಲ್ಲಿನಲ್ಲಿ ಈ ಗುರುತು ಇದೆ. ಮದುವೆ ಮಾತುಕತೆಯಲ್ಲಿ, ಕೆಲಸದ ಸಂದರ್ಶನದಲ್ಲಿ ನಗಲು ನಾಚುವವರನ್ನು ನಾವೆಲ್ಲ ಕಂಡಿದ್ದೇವೆ. ಅದು ಹಲ್ಲುಜ್ಜದ ಕೊಳಕಲ್ಲ, ಊರಿನ ನೀರಿನ ದಾಖಲೆ. ದಂತವೈದ್ಯರು ಮೇಲ್ಮೈ ಚಿಕಿತ್ಸೆ, ವೆನೀರ್ ಮುಂತಾದವುಗಳಿಂದ ಮರೆಮಾಡಬಲ್ಲರು.

ಇಲ್ಲಿ ತಿಳಿದಿರಬೇಕಾದದ್ದು ಮೂರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನದಂಡ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮತ್ತು ಮಗುವಿನ ಹಲ್ಲಿನಲ್ಲಿ ಕಂಡ ಕಲೆ ಇಡೀ ಮನೆಗೆ ಎಚ್ಚರಿಕೆ: ಅದೇ ನೀರು ಹತ್ತಾರು ವರ್ಷ ಕುಡಿದರೆ ಮೂಳೆ, ಕೀಲು, ಬೆನ್ನು ಬಿಗಿಯಾಗುವ ಫ್ಲೋರೋಸಿಸ್ ದೊಡ್ಡವರಿಗೂ ಬರುತ್ತದೆ.

ಬಸಿರು, ಹೆರಿಗೆ, ಮುಟ್ಟು: ಬಟ್ಟೆಯ ಮೇಲಿನ ಕಲೆ ಹೇಳುವುದೇನು?

‘ಮೆಕೋನಿಯಂ ಸ್ಟೇನ್ಡ್ ಲಿಕರ್’ ಎಂಬುದರಲ್ಲಿ ಲಿಕರ್ ಎಂದರೆ ಮದ್ಯವಲ್ಲ, ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು. ಮೆಕೋನಿಯಂ ಎಂದರೆ ಮಗುವಿನ ಮೊದಲ ಮಲ, ಕಡು ಹಸಿರು. ಸಾಮಾನ್ಯವಾಗಿ ಮಗು ಹುಟ್ಟಿದ ಮೇಲೆ ಅದನ್ನು ಹೊರಹಾಕುತ್ತದೆ. ಕೆಲವೊಮ್ಮೆ, ಅದರಲ್ಲೂ ದಿನ ಮೀರಿದ ಬಸಿರಿನಲ್ಲಿ ಅಥವಾ ಮಗುವಿಗೆ ಆಮ್ಲಜನಕ ಕಡಿಮೆಯಾದಾಗ, ಒಳಗೇ ಹೊರಹಾಕುತ್ತದೆ. ಆಗ ನೀರು ಹಸಿರು ಅಥವಾ ಕಂದಾಗುತ್ತದೆ. ಮಗು ಅದನ್ನು ಶ್ವಾಸಕೋಶಕ್ಕೆ ಎಳೆದುಕೊಂಡರೆ ಉಸಿರಾಟದ ತೊಂದರೆಯಾಗಬಹುದು.

ಮನೆಯಲ್ಲಿ ನೀರು ಒಡೆದಾಗ ಬಟ್ಟೆಯ ಬಣ್ಣ ನೋಡಿ. ನೀರು ತಿಳಿಯಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಹಸಿರಾಗಿದ್ದರೆ ನೋವು ಬರಲಿ ಎಂದು ಒಂದು ಗಳಿಗೆಯೂ ಕಾಯಬಾರದು. ಬಟ್ಟೆಯನ್ನು ತೊಳೆಯದೆ ಜೊತೆಗೆ ಒಯ್ದರೆ ಡಾಕ್ಟರಿಗೆ ನೆರವಾಗುತ್ತದೆ. ಇದು ತಾಯಿ ತಿಂದದ್ದರಿಂದಲೋ, ಓಡಾಡಿದ್ದರಿಂದಲೋ ಆದದ್ದಲ್ಲ. ಹೀಗಾದ ಹೆಚ್ಚಿನ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಹುಟ್ಟುತ್ತಾರೆ.

‘ಸ್ಪಾಟಿಂಗ್’ ಎಂಬುದು ಸ್ಟೇನ್‌ನ ನೆಂಟ. ಮುಟ್ಟಿನ ದಿನಗಳಲ್ಲದೆ ಒಳಉಡುಪಿನ ಮೇಲೆ ಕಾಣುವ ಒಂದೆರಡು ಹನಿ ರಕ್ತದ ಕಲೆಗೆ ಈ ಹೆಸರು. ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಇದು ಸಾಮಾನ್ಯ. ಬಸಿರಿಯಾಗಿದ್ದಾಗ ಎಷ್ಟೇ ಸಣ್ಣ ಕಲೆ ಕಂಡರೂ ಅದೇ ದಿನ ತೋರಿಸಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಕಲೆ ಕಂಡರೆ, ಒಂದೇ ಸಲವಾದರೂ, ನೋವಿಲ್ಲದಿದ್ದರೂ, ಪರೀಕ್ಷೆ ಕಡ್ಡಾಯ. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಲಕ್ಷಣವಾಗಿರಬಹುದು. ಆ ಹಂತದಲ್ಲಿ ಸಿಕ್ಕರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ನಮ್ಮ ಅಮ್ಮಂದಿರು, ಅತ್ತೆಯಂದಿರು ಈ ಮಾತನ್ನು ತಾವಾಗಿ ಹೇಳುವುದಿಲ್ಲ. ಮನೆಯ ಹೆಣ್ಣುಮಕ್ಕಳು ಕೇಳಬೇಕು.

ಚರ್ಮದ ಸ್ಟೇನ್: ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ

‘ಪೋರ್ಟ್ ವೈನ್ ಸ್ಟೇನ್’ ಎಂದರೆ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ ಉಂಟಾದ ಕೆಂಪು-ನೇರಳೆ ಗುರುತು. ದ್ರಾಕ್ಷಾರಸದ ಬಣ್ಣದ್ದಾದ್ದರಿಂದ ಈ ಹೆಸರು. ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೆವ್ ಅವರ ಹಣೆಯ ಮೇಲಿದ್ದದ್ದು ಇದೇ. ಸಾವಿರ ಮಕ್ಕಳಲ್ಲಿ ಸುಮಾರು ಮೂವರಿಗೆ ಇರುತ್ತದೆ. ಭ್ರೂಣ ಬೆಳೆಯುವಾಗ ಒಂದು ಜೀನ್‌ನಲ್ಲಿ ಆಗುವ ಆಕಸ್ಮಿಕ ಬದಲಾವಣೆ ಇದಕ್ಕೆ ಕಾರಣ ಎಂದು 2013ರಲ್ಲಿ ಗೊತ್ತಾಯಿತು. ಅದು ತಂದೆತಾಯಿಯಿಂದ ಬಂದದ್ದಲ್ಲ. ಗ್ರಹಣದ ದಿನ ಬಸುರಿ ಹೊರಗೆ ಬಂದಳು, ಏನನ್ನೋ ಮುಟ್ಟಿದಳು ಎಂಬ ದೂರಿಗೆ ಆಧಾರವಿಲ್ಲ.

ಈ ಗುರುತು ತಾನಾಗಿ ಮಾಯುವುದಿಲ್ಲ. ವಯಸ್ಸಾದಂತೆ ಗಾಢವಾಗುತ್ತದೆ, ದಪ್ಪವಾಗುತ್ತದೆ. ಲೇಸರ್ ಚಿಕಿತ್ಸೆಯನ್ನು ಚಿಕ್ಕಂದಿನಲ್ಲೇ ಶುರು ಮಾಡಿದರೆ ಫಲ ಹೆಚ್ಚು. ಹಣೆ ಅಥವಾ ಕಣ್ಣಿನ ರೆಪ್ಪೆಯ ಮೇಲಿದ್ದರೆ ಕಣ್ಣಿನ ಒತ್ತಡದ ಕಾಯಿಲೆ ಮತ್ತು ಫಿಟ್ಸ್ ಬರುವ ಸಾಧ್ಯತೆ ಇರುವುದರಿಂದ ಕಣ್ಣು ಮತ್ತು ನರರೋಗ ತಜ್ಞರಿಗೆ ಬೇಗ ತೋರಿಸಬೇಕು. ಇದಕ್ಕೆ ಪ್ರತಿಯಾಗಿ, ಹುಟ್ಟಿದ ಕೆಲವು ವಾರಗಳ ನಂತರ ಕಾಣಿಸಿಕೊಂಡು ಬೇಗ ಉಬ್ಬುವ ಕೆಂಪು ಗುರುತು ಬೇರೆ ಜಾತಿಯದು. ಅದು ಹೆಚ್ಚಾಗಿ ಕೆಲವು ವರ್ಷಗಳಲ್ಲಿ ಕುಗ್ಗುತ್ತದೆ. ಮಗುವಿನ ಸೊಂಟದ ಕೆಳಗೆ ಕಾಣುವ ನೀಲಿ-ಬೂದು ಮಚ್ಚೆ ಪೆಟ್ಟಿನ ಗುರುತಲ್ಲ, ಭಾರತೀಯ ಮಕ್ಕಳಲ್ಲಿ ತುಂಬ ಸಾಮಾನ್ಯ, ತಾನಾಗಿ ಮಾಸುತ್ತದೆ.

ದೊಡ್ಡವರಲ್ಲಿ ಬಿಳಿಚಿದ ಅಥವಾ ಕೆಂಪಾದ ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಪೂರ್ತಿ ಗುಣವಾಗುವ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ತೊನ್ನಿನಲ್ಲಿ ಸ್ಪರ್ಶ ಸರಿಯಾಗಿರುತ್ತದೆ, ಅದು ಅಂಟುವುದೂ ಇಲ್ಲ.

ಔಷಧದ ಬಣ್ಣ

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆಯಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಅದು ರಕ್ತವಲ್ಲ, ಮಾತ್ರೆ ನಿಲ್ಲಿಸಬಾರದು. ಆದರೆ ಕಾಂಟ್ಯಾಕ್ಟ್ ಲೆನ್ಸಿಗೆ ಆ ಬಣ್ಣ ಹತ್ತಿದರೆ ಹೋಗುವುದಿಲ್ಲ. ಕಣ್ಣಿನ ಡಾಕ್ಟರ್ ‘ಸ್ಟೇನ್ ಮಾಡಿ ನೋಡುತ್ತೇನೆ’ ಎಂದರೆ ಫ್ಲೋರೆಸಿನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ; ಕಣ್ಣಿನ ಪಾರದರ್ಶಕ ಪದರದಲ್ಲಿ ಗೀರು ಅಥವಾ ಹುಣ್ಣಿದ್ದರೆ ಹಸಿರಾಗಿ ಹೊಳೆಯುತ್ತದೆ. ಇದಕ್ಕೂ ಮೊದಲು ಲೆನ್ಸ್ ತೆಗೆದಿಡಿ.

ತಡ ಮಾಡಬಾರದ ಕಲೆಗಳು

• ನೀರು ಒಡೆದಾಗ ಬಟ್ಟೆಯ ಮೇಲೆ ಹಸಿರು ಅಥವಾ ಕಂದು
• ಬಸಿರಿನಲ್ಲಿ, ಅಥವಾ ಮುಟ್ಟು ನಿಂತ ಮೇಲೆ ಕಾಣುವ ರಕ್ತದ ಕಲೆ
• ಕಫದಲ್ಲಿ ರಕ್ತ, ಎರಡು ವಾರ ಮೀರಿದ ಕೆಮ್ಮು
• ಬಾಯಿಯೊಳಗೆ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ
• ಸ್ಪರ್ಶ ತಿಳಿಯದ ಚರ್ಮದ ಮಚ್ಚೆ
• ಮಗುವಿನ ಹಣೆ, ಕಣ್ಣಿನ ರೆಪ್ಪೆಯ ಮೇಲೆ ಹುಟ್ಟಿನಿಂದ ಇರುವ ಕೆಂಪು ಗುರುತು

ಬೇರೆ ಭಾಷೆಯ ಊರಿನಲ್ಲಿ ಹೇಳುವುದು ಹೇಗೆ?

ದೆಹಲಿಯಲ್ಲಿ ಕಲೆಗೆ ‘ದಾಗ್’, ಮುಂಬೈ-ಪುಣೆಯ ಮರಾಠಿಯಲ್ಲಿ ‘ಡಾಗ್’, ಹೈದರಾಬಾದಿನ ತೆಲುಗಿನಲ್ಲಿ ‘ಮಚ್ಚ’, ಚೆನ್ನೈಯಲ್ಲಿ ‘ಕರೈ’ ಎನ್ನುತ್ತಾರೆ. ಹಳಗನ್ನಡದಲ್ಲಿ ಕಲೆಗೆ ‘ಕಱೆ’ ಎಂಬ ಪದವಿತ್ತು. ತಮಿಳಿನ ಕರೈ ಅದರ ಒಡಹುಟ್ಟು. ಪದ ಯಾವುದಾದರೂ ಇರಲಿ, ನಾಲ್ಕು ಸಂಗತಿ ಹೇಳಿದರೆ ಡಾಕ್ಟರಿಗೆ ಸಾಕು: ಯಾವಾಗಿನಿಂದ ಇದೆ, ಯಾವ ಬಣ್ಣ, ದೊಡ್ಡದಾಗುತ್ತಿದೆಯೇ, ಮುಟ್ಟಿದರೆ ತಿಳಿಯುತ್ತದೆಯೇ. ವರದಿಯಲ್ಲಿ ‘ಸ್ಟೇನ್’ ಎಂದಿದ್ದರೆ ಒಂದು ಪ್ರಶ್ನೆ ಕೇಳಿ: ‘ಇದು ನನ್ನ ದೇಹದಲ್ಲಿರುವ ಕಲೆಯೋ, ನೀವು ಪರೀಕ್ಷೆಗೆ ಹಾಕಿದ ಬಣ್ಣವೋ?’ ಉತ್ತರ ತಿಳಿದರೆ ಮುಂದಿನ ಹೆಜ್ಜೆ ಏನೆಂಬುದನ್ನು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸುವುದು ಸುಲಭ.